ಕಾರಿಗೆ ದಾರಿ ಹೇಳುವವರು

ಕಾರು ಕೊಳ್ಳುವ ಸಂಭ್ರಮದಲ್ಲಿರುವ ಗೃಹಸ್ಥನು ವಿಚಾರಿಸಿ ನೋಡುವ ಸಂಗತಿಗಳು ಒಂದೆರಡಲ್ಲ. ಲೀಟರಿಗೆ ಎಷ್ಟು ಕಿಲೋಮೀಟರು ಓಡೀತು, ಹಿಂದಿನ ಆಸನದಲ್ಲಿ ಮೂವರು ಮೊಣಕಾಲು ತಾಗದಂತೆ ಕುಳಿತಾರೇ, ವಯಸ್ಸಾದ ತಾಯಿಗೆ ಹತ್ತಿ ಇಳಿಯುವುದು ಕಷ್ಟವಾದೀತೇ, ಬಣ್ಣ ಬಿಳಿಯಿರಲೋ ಬೂದಿಯಿರಲೋ ಎಂದು ಮನೆಯಲ್ಲಿ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ನೆರೆಮನೆಯವರ ಅಭಿಪ್ರಾಯವನ್ನೂ ಕೇಳಲಾಗುತ್ತದೆ. ಕೇಳದಿದ್ದರೆ ಅವರೇ ಬಂದು ಹೇಳುತ್ತಾರೆ. ಇಷ್ಟೆಲ್ಲ ಆದರೂ, ಆ ಕಾರಿಗೆ ಮುಂದೆ ದಾರಿ ಹೇಳುವವರು ಯಾರು ಎಂಬ ಪ್ರಶ್ನೆಯನ್ನು ಮಾತ್ರ ಬಹುಮಂದಿ ಎತ್ತುವುದೇ ಇಲ್ಲ. ಮಳಿಗೆಯ ತರುಣನು ಗಾಡಿಯ ಮುಂಭಾಗದ ಹೊಳೆಯುವ ಪರದೆಯನ್ನು ಬೆರಳಿನಿಂದ ಮುಟ್ಟಿ, "ಇದರಲ್ಲಿ ನ್ಯಾವಿಗೇಷನ್ ಕೂಡ ಇದೆ ಸಾರ್" ಎನ್ನುತ್ತಾನೆ. ಎಲ್ಲರೂ ತಲೆಯಾಡಿಸುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ.

ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ದಾರಿ ಹೇಳುತ್ತಿದ್ದವರು ದಾರಿಯಲ್ಲಿದ್ದ ಜನ. ಚಹದಂಗಡಿಯ ಮಾಲೀಕ, ಪೆಟ್ರೋಲ್ ಬಂಕಿನ ಹುಡುಗ, ಅರಳೀಕಟ್ಟೆಯ ಮೇಲೆ ಕುಳಿತ ಹಿರಿಯರು, ತಲೆಯ ಮೇಲೆ ಸೌದೆ ಹೊತ್ತು ಬರುತ್ತಿದ್ದ ಹೆಂಗಸು. "ಹೀಗೇ ನೆಟ್ಟಗೆ ಹೋಗಿ, ಒಂದು ಕೂಗಳತೆ ದೂರ" ಎಂದು ಅವರು ಹೇಳಿದರೆ, ಮಲೆನಾಡಿನಲ್ಲಿ ಆ ಕೂಗು ನಾಲ್ಕು ಮೈಲಿಗೂ ಕೇಳಿಸುವಂಥದ್ದಾಗಿರುತ್ತಿತ್ತು! ಜನರಿಲ್ಲದ ಕಡೆ ಕೈಮರವಿರುತ್ತಿತ್ತು. ಚಿಕ್ಕಮಗಳೂರಿನ ಬಳಿ ಒಂದು ಜಾಗಕ್ಕೆ ಕೈಮರವೆಂದೇ ಹೆಸರು ಉಳಿದುಬಿಟ್ಟಿದೆ. ಅದೂ ಇಲ್ಲದ ಕಡೆ ಮೈಲಿಗಲ್ಲು: ತಲೆ ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯದ ಹೆದ್ದಾರಿ. ಈ ಬಣ್ಣಗಳು ಇಂದಿಗೂ ಹಾಗೆಯೇ ಇವೆ. ನೋಡುವ ಕಣ್ಣುಗಳು ಮಾತ್ರ ಪರದೆಯ ಮೇಲಿವೆ.

ಬೆಂಗಳೂರಿನ ಜಯನಗರದ ಒಂದು ಸಂಸಾರವನ್ನು ಉದಾಹರಣೆಯಾಗಿ ನೋಡಬಹುದು. ಇಂಥ ಸಂಸಾರಗಳು ಆ ಊರಿನಲ್ಲಿ ಸಾವಿರಾರಿವೆ. ಯಜಮಾನರು ಬ್ಯಾಂಕಿನಲ್ಲಿ ಅಧಿಕಾರಿಗಳು, ಮನೆಯಾಕೆ ಉಪಾಧ್ಯಾಯಿನಿ. ಕಾಲೇಜಿಗೆ ಹೋಗುವ ಮಗ, ಮಂಡಿನೋವಿನ ಅಜ್ಜಿ. ಅವರ ಮೂಲಮನೆ ಇರುವುದು ಕೊಪ್ಪದ ಆಚೆ, ಅಡಿಕೆ ತೋಟದ ನಡುವೆ. ವರ್ಷಕ್ಕೆ ನಾಲ್ಕೈದು ಸಲ ಹೋಗಿ ಬರಬೇಕು. ಹಬ್ಬಕ್ಕೆ, ತಿಥಿಗೆ, ಕೊಯ್ಲಿನ ಲೆಕ್ಕಕ್ಕೆ. ಮಳಿಗೆಯಲ್ಲಿ ಇವರ ಮುಂದಿದ್ದುದು ಒಂದೇ ಕಾರಿನ ಎರಡು ಮಾದರಿಗಳು. ಮೇಲಿನ ದರ್ಜೆಯದರಲ್ಲಿ ನಕ್ಷೆ ಗಾಡಿಯೊಳಗೇ ಅಡಕವಾಗಿದೆ. ಕೆಳಗಿನದರಲ್ಲಿ ಇಲ್ಲ, ಆದರೆ ಪರದೆ ಇದೆ. ಬೆಲೆಯ ಅಂತರವನ್ನು ಕೇಳಿ ಯಜಮಾನರು ಒಮ್ಮೆ ಕೆಮ್ಮಿದರು. ಮಗ ಮೇಲಿನದನ್ನೇ ಕೊಳ್ಳಬೇಕೆಂದ. "ಜೇಬಿನಲ್ಲಿರುವ ಮೊಬೈಲು ದಾರಿ ಹೇಳುವುದಿಲ್ಲವೇ? ಮತ್ತೆ ಇದೇಕೆ?" ಎಂದು ಮನೆಯಾಕೆ ಕೇಳಿದರು. ಆ ಪ್ರಶ್ನೆಗೆ ಮಾರಾಟದ ತರುಣನಲ್ಲಿ ಸರಿಯಾದ ಉತ್ತರವಿರಲಿಲ್ಲ. ಉತ್ತರವಿಲ್ಲದ ಪ್ರಶ್ನೆಯೇನೂ ಅದಲ್ಲ. ಆದರೆ ಉತ್ತರ ದೊರೆಯಬೇಕಾದರೆ ನ್ಯಾವಿಗೇಷನ್ ಎಂಬ ಒಂದೇ ಹೆಸರಿನ ಕೆಳಗೆ ಎಷ್ಟು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತಿವೆ ಎಂಬುದನ್ನು ಬಿಡಿಸಿ ನೋಡಬೇಕು.

ಕಾರು ಈಗ ಎಲ್ಲಿದೆ ಎಂದು ತಿಳಿಯುವುದು ಒಂದು ಕೆಲಸ. ಆ ಜಾಗದ ಸುತ್ತ ಏನೇನಿದೆ ಎಂಬ ನಕ್ಷೆ ಇನ್ನೊಂದು. ಅಲ್ಲಿಂದ ಹೋಗಬೇಕಾದ ಊರಿಗೆ ಯಾವ ದಾರಿ ಹಿಡಿಯಬೇಕೆಂದು ಲೆಕ್ಕ ಹಾಕುವುದು ಮೂರನೆಯದು. ಇವೆಲ್ಲವನ್ನೂ ತೋರಿಸುವ ಗಾಜಿನ ಪರದೆ ಕೊನೆಯದು. ಗಿರಾಕಿ ಹಣ ತೆರುವುದು ಸಾಮಾನ್ಯವಾಗಿ ಕೊನೆಯದಕ್ಕೆ. ದಾರಿ ತಪ್ಪುವುದು ಬಹುಮಟ್ಟಿಗೆ ಎರಡನೆಯದು ಮತ್ತು ಮೂರನೆಯದರಿಂದ. ಪರದೆ ಹತ್ತು ಅಂಗುಲವಿದ್ದ ಮಾತ್ರಕ್ಕೆ ಹಳೆಯ ನಕ್ಷೆ ಹೊಸದಾಗುವುದಿಲ್ಲ.

ಕಾರಿನಲ್ಲಿ ನಕ್ಷೆ ಕೂಡಿಸುವ ಆಸೆ ಉಪಗ್ರಹಗಳ ಪ್ರಸಾದವೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಜಪಾನಿನ ಹೋಂಡಾ ಕಂಪನಿ 1981ರಲ್ಲಿಯೇ ಅಂಥದೊಂದನ್ನು ಮಾರಾಟಕ್ಕೆ ತಂದಿತ್ತು. ಪಾರದರ್ಶಕ ಹಾಳೆಯ ಮೇಲೆ ಅಚ್ಚಾದ ನಕ್ಷೆಯನ್ನು ಚಿಕ್ಕ ಪರದೆಯ ಮುಂದೆ ಸಿಕ್ಕಿಸಬೇಕು. ಗಾಡಿ ತಿರುಗಿದ್ದನ್ನೂ ಸಾಗಿದ ದೂರವನ್ನೂ ಯಂತ್ರವೇ ಅಳೆದು, ಹಾಳೆಯ ಹಿಂದೆ ಬೆಳಕಿನ ಚುಕ್ಕೆಯನ್ನು ಸರಿಸುತ್ತ ಹೋಗುತ್ತಿತ್ತು. ಪ್ರದೇಶ ದಾಟಿದರೆ ಹಾಳೆ ಬದಲಿಸಬೇಕು! 1985ರಲ್ಲಿ ಕ್ಯಾಲಿಫೋರ್ನಿಯದ ಈಟಾಕ್ ಕಂಪನಿ ನಕ್ಷೆಯನ್ನು ಕ್ಯಾಸೆಟ್ಟುಗಳಲ್ಲಿ ತುಂಬಿಸಿ ಕೊಟ್ಟಿತು. ಈ ಎರಡಕ್ಕೂ ಉಪಗ್ರಹದ ಹಂಗು ಇರಲಿಲ್ಲ. ಚಕ್ರ ಎಷ್ಟು ಉರುಳಿತು, ಮೂಗು ಯಾವ ಕಡೆ ತಿರುಗಿತು ಎಂಬ ಲೆಕ್ಕವೇ ಅವುಗಳ ಬಂಡವಾಳ. ಇಂದು ಕಾರಿನೊಳಗೇ ಅಡಕವಾಗಿ ಬರುವ ಒಳ್ಳೆಯ ಯಂತ್ರಗಳು ಸುರಂಗದೊಳಗೂ ದಾರಿ ತಪ್ಪದಿರುವುದು ಈ ಹಳೆಯ ಲೆಕ್ಕವನ್ನು ಕೈಬಿಡದೆ ಇಟ್ಟುಕೊಂಡಿರುವುದರಿಂದಲೇ. ಮೇಲಿನ ದರ್ಜೆಯ ಮಾದರಿಯ ಪರವಾಗಿ ಹೇಳಬಹುದಾದ ಮಾತುಗಳಲ್ಲಿ ಇದು ಮುಖ್ಯವಾದದ್ದು. ಜಯನಗರದಿಂದ ಕೊಪ್ಪದವರೆಗೆ ಸುರಂಗಗಳಿಲ್ಲ ಎಂಬುದು ಬೇರೆ ಮಾತು.

ಉಪಗ್ರಹಗಳು ಬಂದದ್ದು ಸೇನೆಯ ಕೆಲಸಕ್ಕಾಗಿ. ಅಮೆರಿಕವು ಮೊದಲ ಜಿ.ಪಿ.ಎಸ್. ಉಪಗ್ರಹವನ್ನು ಹಾರಿಸಿದ್ದು 1978ರಲ್ಲಿ. 1983ರಲ್ಲಿ ಕೊರಿಯದ ಪ್ರಯಾಣಿಕ ವಿಮಾನವೊಂದು ದಾರಿ ತಪ್ಪಿ ಸೋವಿಯತ್ ದೇಶದ ಆಕಾಶವನ್ನು ಹೊಕ್ಕು, ಅಲ್ಲಿ ಹೊಡೆದುರುಳಿಸಲ್ಪಟ್ಟು 269 ಜನ ಸತ್ತರು. ಈ ವ್ಯವಸ್ಥೆ ಸಿದ್ಧವಾದಾಗ ಸಾರ್ವಜನಿಕರಿಗೂ ದೊರೆಯುವುದೆಂದು ಅಧ್ಯಕ್ಷ ರೇಗನ್ನರ ಸರಕಾರ ಆಗ ಘೋಷಿಸಿತು. ದೊರೆತರೂ ಬಹುಕಾಲ ಜನಸಾಮಾನ್ಯರಿಗೆ ಸಿಕ್ಕಿದ್ದು ಬೇಕೆಂದೇ ಮಸುಕು ಮಾಡಿದ ಸಂಕೇತ. ನೂರು ಮೀಟರಿನಷ್ಟು ಆಚೀಚೆಯಾಗುತ್ತಿತ್ತು. ಬೆಂಗಳೂರಿನ ಅಡ್ಡರಸ್ತೆಗಳಲ್ಲಿ ನೂರು ಮೀಟರೆಂದರೆ ಎರಡು ಬೀದಿ ಆಚೆಯ ಮನೆ. 2000ದ ಮೇ ತಿಂಗಳಿನಲ್ಲಿ ಆ ಮಸುಕನ್ನು ತೆಗೆದುಹಾಕಿದರು. ಇಂದು ಬಯಲಿನಲ್ಲಿ ಸಾಧಾರಣ ಮೊಬೈಲೂ ಐದಾರು ಮೀಟರಿನೊಳಗೆ ತನ್ನ ಸ್ಥಾನವನ್ನು ಹೇಳಬಲ್ಲದು.

ಹೇಳುವ ಬಗೆ ಸ್ವಾರಸ್ಯವಾದದ್ದು. ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತಿರುವ ಪ್ರತಿಯೊಂದು ಉಪಗ್ರಹವೂ ಬಿಡುವಿಲ್ಲದೆ ತನ್ನ ಗಡಿಯಾರದ ವೇಳೆಯನ್ನು ಸಾರುತ್ತಿರುತ್ತದೆ. ಮೊಬೈಲು ಏನನ್ನೂ ಕೇಳುವುದಿಲ್ಲ, ಯಾವ ಸಂದೇಶವನ್ನೂ ಮೇಲಕ್ಕೆ ಕಳುಹಿಸುವುದಿಲ್ಲ, ಸುಮ್ಮನೆ ಆಲಿಸುತ್ತದೆ. ಕಡಮೆಯೆಂದರೆ ನಾಲ್ಕು ಉಪಗ್ರಹಗಳ ವೇಳೆ ಕಿವಿಗೆ ಬಿದ್ದರೆ, ಯಾವುದು ಎಷ್ಟು ತಡವಾಗಿ ಕೇಳಿಸಿತೆಂಬುದರಿಂದ ದೂರವನ್ನು ಗುಣಿಸಿ ತಾನಿರುವ ಸ್ಥಳವನ್ನು ಕಂಡುಕೊಳ್ಳುತ್ತದೆ. ಗಡಿಯಾರ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೂ 300 ಮೀಟರು ತಪ್ಪಿದಂತೆ. ಆದಕಾರಣ ಎಲ್ಲವೂ ಪರಮಾಣು ಗಡಿಯಾರಗಳ ಮೇಲೆ ನಿಂತಿದೆ. ಭಾರತದ್ದೇ ಆದ ನಾವಿಕ್ ವ್ಯವಸ್ಥೆಯನ್ನು ಕಾಡಿದ್ದೂ ಇದೇ ಗಡಿಯಾರ. ಹಾಸನದ ಕೇಂದ್ರದಿಂದಲೂ ಬೆಂಗಳೂರಿನ ಬಳಿಯ ಬ್ಯಾಲಾಳಿನಿಂದಲೂ ನಡೆಯುವ ಈ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು. 2016ರ ಹೊತ್ತಿಗೆ ಏಳು ಮೇಲೇರಿದವು. ಆದರೆ ವಿದೇಶದಿಂದ ತರಿಸಿದ್ದ ಗಡಿಯಾರಗಳು ಒಂದೊಂದಾಗಿ ಕೈಕೊಟ್ಟವು. 2023ರ ಮೇ ತಿಂಗಳಲ್ಲಿ ಹಾರಿದ ಉಪಗ್ರಹದಲ್ಲಿ ಮೊಟ್ಟಮೊದಲಿಗೆ ಸ್ವದೇಶಿ ಪರಮಾಣು ಗಡಿಯಾರವಿತ್ತು. ಅಷ್ಟಾದರೂ, ಅದುವರೆಗೆ ಹಾರಿಸಿದ್ದ ಹನ್ನೊಂದರಲ್ಲಿ ಸ್ಥಾನ ತಿಳಿಸುವ ಕೆಲಸಕ್ಕೆ ಒದಗುತ್ತಿರುವುದು ನಾಲ್ಕು ಮಾತ್ರವೆಂದು ಸರಕಾರವೇ 2025ರ ಜುಲೈನಲ್ಲಿ ಸಂಸತ್ತಿಗೆ ತಿಳಿಸಿತು. ಮಳಿಗೆಯವನು "ನಾವಿಕ್ ಇದೆ ಸಾರ್" ಎಂದರೆ ಸಂತೋಷಪಡಬಹುದು. ಅದೊಂದಕ್ಕಾಗಿಯೇ ಹೆಚ್ಚು ಹಣ ತೆರಬೇಕಾಗಿಲ್ಲ. ಇಂದಿನ ಹಲವು ಮೊಬೈಲುಗಳಲ್ಲಿ ಆ ಸೌಕರ್ಯ ಹೇಗೂ ಇರುತ್ತದೆ, ಮತ್ತು ಅವು ಹಲವು ದೇಶಗಳ ಉಪಗ್ರಹಗಳನ್ನು ಒಟ್ಟಿಗೆ ಆಲಿಸುತ್ತವೆ.

ಐದಾರು ಮೀಟರು ಎಂದರೆ ಬಹಳ ಸೂಕ್ಷ್ಮವೆಂದು ತೋರುತ್ತದೆ. ಹೊಸೂರು ರಸ್ತೆಗೆ ಹೋಗಿ ನೋಡಿದರೆ ಸತ್ಯ ತಿಳಿಯುತ್ತದೆ. ಸಿಲ್ಕ್ ಬೋರ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಯ ಕಡೆಗೆ, 2010ರಲ್ಲಿ ತೆರೆದ ಎತ್ತರದ ರಸ್ತೆ ನೆಲದ ರಸ್ತೆಯ ನೆತ್ತಿಯ ಮೇಲೇ ಸುಮಾರು ಹತ್ತು ಕಿಲೋಮೀಟರು ಸಾಗುತ್ತದೆ. ಮೇಲಿರುವ ಕಾರೂ ಕೆಳಗಿರುವ ಕಾರೂ ನಕ್ಷೆಯ ಮೇಲೆ ಒಂದೇ ಚುಕ್ಕೆ. ಯಂತ್ರಕ್ಕೆ ಎತ್ತರದ ಅರಿವು ಅಡ್ಡಗಲದ ಅರಿವಿಗಿಂತ ಮಂದ. ಕಾರು ಕೆಳಗೆ ಸಿಗ್ನಲ್ಲಿನಲ್ಲಿ ನಿಂತಿರುವಾಗ ಯಂತ್ರವು "ನೇರವಾಗಿ ಮುಂದುವರಿಯಿರಿ" ಎನ್ನುತ್ತಿರುತ್ತದೆ. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಮೈಸೂರು ಹೆದ್ದಾರಿಯಲ್ಲಿಯೂ ಇದೇ ಫಜೀತಿ. ಮುಖ್ಯ ರಸ್ತೆಯ ಪಕ್ಕದಲ್ಲಿಯೇ ಸರ್ವೀಸ್ ರಸ್ತೆ, ನಡುವೆ ಬೇಲಿ. ಒಂದು ನಿರ್ಗಮನ ತಪ್ಪಿತೆಂದರೆ ಕಣ್ಣೆದುರಿಗಿರುವ ಊರಿಗೆ ಕಿಲೋಮೀಟರುಗಟ್ಟಲೆ ಸುತ್ತಿ ಬರಬೇಕು. ಮೇಲ್ಸೇತುವೆ ಏರಬೇಕೋ ಬೇಡವೋ ಎಂಬುದನ್ನು ಮುಂಚಿತವಾಗಿ, ಸ್ಪಷ್ಟವಾಗಿ ಹೇಳುವ ನಕ್ಷೆಯೇ ಬೆಂಗಳೂರಿಗೆ ತಕ್ಕ ನಕ್ಷೆ. ಗೂಗಲ್ ಈ ಸೌಕರ್ಯವನ್ನು ಭಾರತದ ಊರುಗಳಿಗೆ ತಂದದ್ದು 2024ರಲ್ಲಿ. 1995ರಲ್ಲಿ ಆರಂಭವಾದ ಮ್ಯಾಪ್‌ಮೈಇಂಡಿಯಾ ಎಂಬ ಸ್ವದೇಶಿ ಸಂಸ್ಥೆಯ ಮ್ಯಾಪಲ್ಸ್ ನಕ್ಷೆಯಲ್ಲಿ ದೊಡ್ಡ ಕೂಡುರಸ್ತೆಗಳನ್ನು ಚಿತ್ರದಂತೆ ಬಿಡಿಸಿ ತೋರಿಸುತ್ತಾರೆ. ಎರಡನ್ನೂ ಬಿಟ್ಟಿಯಾಗಿಯೇ ಪರೀಕ್ಷಿಸಬಹುದು. ಹೀಗಿರುವಾಗ ಜಾಹೀರಾತು ಓದಿ ತೀರ್ಮಾನಿಸುವುದು ವ್ಯರ್ಥ. ಮನೆಯಿಂದ ಕಚೇರಿಗೆ ಒಂದು ವಾರ ಇದರೊಂದಿಗೆ, ಒಂದು ವಾರ ಅದರೊಂದಿಗೆ ಹೋಗಿ ಬಂದರೆ ಯಾವುದರ ಬುದ್ಧಿ ಎಷ್ಟೆಂದು ತಾನಾಗಿಯೇ ಗೊತ್ತಾಗುತ್ತದೆ. ತಿಳಿದ ದಾರಿಯಲ್ಲಿ ತಪ್ಪು ಹೇಳುವುದನ್ನು ತಿಳಿಯದ ದಾರಿಯಲ್ಲಿ ನಂಬುವುದಾದರೂ ಹೇಗೆ?

ಈಗ ಕೊಪ್ಪದ ದಾರಿಗೆ ಬರಬಹುದು. ಹಾಸನ, ಬೇಲೂರು, ಚಿಕ್ಕಮಗಳೂರು ದಾಟಿ, ಆಲ್ದೂರಿನಿಂದ ಬಾಳೆಹೊನ್ನೂರಿನ ಕಡೆ ತಿರುಗಿದ ಮೇಲೆ ಕಾಫಿ ತೋಟಗಳು ರಸ್ತೆಯನ್ನು ಎರಡೂ ಕಡೆಯಿಂದ ಅಪ್ಪಿಕೊಳ್ಳುತ್ತವೆ. ತಿರುವಿನ ಮೇಲೆ ತಿರುವು. ಮೊಬೈಲಿನ ತುದಿಯಲ್ಲಿರುವ ಸಂಕೇತದ ಗೆರೆಗಳು ಒಂದೊಂದಾಗಿ ಮಾಯವಾಗುತ್ತವೆ. ಪರದೆಯಲ್ಲಿ ಕಾರಿನ ಬಾಣದ ಗುರುತು ಇದೆ. ಅದರ ಸುತ್ತ ಬರಿಯ ಬೂದುಬಣ್ಣ. ರಸ್ತೆಯೂ ಇಲ್ಲ, ಊರೂ ಇಲ್ಲ, ಹೊಳೆಯೂ ಇಲ್ಲ. "ಉಪಗ್ರಹ ಸಿಗುತ್ತಿಲ್ಲ" ಎಂದು ಎಲ್ಲರೂ ಆಕಾಶವನ್ನು ದೂರುತ್ತಾರೆ. ಉಪಗ್ರಹದ ತಪ್ಪು ಅಲ್ಲಿ ಏನೂ ಇಲ್ಲ. ಬಾಣದ ಗುರುತು ಸರಿಯಾಗಿ ಚಲಿಸುತ್ತಿರುವುದೇ ಅದಕ್ಕೆ ಸಾಕ್ಷಿ. ಆಕಾಶದಿಂದ ಬರಬೇಕಾದದ್ದು ಬಂದಿದೆ. ಬಾರದಿರುವುದು ನೆಲದ ಮೇಲಿನ ಮೊಬೈಲು ಗೋಪುರದಿಂದ ಬರಬೇಕಾದ ನಕ್ಷೆ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ.

ಮಳಿಗೆಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಇದು: ನಕ್ಷೆ ಎಲ್ಲಿದೆ? ಗಾಡಿಯೊಳಗೆ ಅಡಕವಾಗಿರುವ ನಕ್ಷೆಗೆ ಗೋಪುರದ ಹಂಗಿಲ್ಲ. ಕತ್ತಲಲ್ಲಿ, ಕಾಡಿನಲ್ಲಿ, ಎಲ್ಲಿಯೂ ಅದು ತೆರೆದೇ ಇರುತ್ತದೆ. ಆದರೆ ಅದಕ್ಕೆ ವಯಸ್ಸಾಗುತ್ತದೆ. ಹೊಸ ಬೈಪಾಸು, ಹೊಸ ಸೇತುವೆ, ಏಕಮುಖವಾದ ಬೀದಿ, ಇವು ಅದಕ್ಕೆ ತಿಳಿಯಬೇಕಾದರೆ ಆಗಾಗ ನವೀಕರಿಸಬೇಕು. ಕೆಲವು ವರ್ಷಗಳ ಮೇಲೆ ಅದಕ್ಕೆ ಹಣ ಕೇಳುವ ಕಂಪನಿಗಳೂ ಇವೆ. ಎಷ್ಟು ವರ್ಷ ಬಿಟ್ಟಿ, ಆಮೇಲೆ ಎಷ್ಟು, ಯಾರು ಮಾಡಿಕೊಡುತ್ತಾರೆ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯದೆ ಮೇಲಿನ ದರ್ಜೆಯ ಮಾದರಿಗೆ ರುಜು ಹಾಕಬಾರದು. ಮೊಬೈಲಿನ ನಕ್ಷೆಯಾದರೋ ದಿನದಿನವೂ ಹೊಸದು, ಆದರೆ ಗೋಪುರವಿಲ್ಲದ ಕಡೆ ಮೂಕ. ಇದಕ್ಕೆ ಪರಿಹಾರವಿದೆ, ಅದಕ್ಕೆ ಒಂದು ಕಾಸೂ ಖರ್ಚಿಲ್ಲ. ಹೊರಡುವ ಹಿಂದಿನ ರಾತ್ರಿ, ಮನೆಯಲ್ಲಿಯೇ ಕುಳಿತು, ಹಾಸನದಿಂದ ಕೊಪ್ಪ, ಶೃಂಗೇರಿಯವರೆಗಿನ ಪ್ರದೇಶದ ನಕ್ಷೆಯನ್ನು ಮೊಬೈಲಿಗೆ ಇಳಿಸಿಟ್ಟುಕೊಂಡರೆ ಮುಗಿಯಿತು. ರಸ್ತೆಯ ದಟ್ಟಣೆಯ ವಿಷಯ ತಿಳಿಯದಿರಬಹುದು, ದಾರಿಯಂತೂ ಕಾಣುತ್ತದೆ. ಈ ಒಂದು ಕೆಲಸವನ್ನು ಮಾಡುವವರು ನೂರಕ್ಕೆ ಎಷ್ಟು ಮಂದಿ ಇದ್ದಾರೋ! ಊಟದ ಡಬ್ಬಿ, ನೀರಿನ ಬಾಟಲಿ, ವಾಂತಿಗೆ ನಿಂಬೆಹಣ್ಣು ಎಲ್ಲವನ್ನೂ ನೆನೆದು ಕಟ್ಟಿಡುವ ಮನೆಗಳಲ್ಲಿ ನಕ್ಷೆಯನ್ನು ಕಟ್ಟಿಡುವವರು ಕಾಣುವುದಿಲ್ಲ.

ಇನ್ನು ದಾರಿಯ ಲೆಕ್ಕ. ಒಂದೂರಿನಿಂದ ಇನ್ನೊಂದೂರಿಗೆ ಹತ್ತಾರು ದಾರಿಗಳಿರುವಾಗ ಅತಿ ಹತ್ತಿರದ್ದನ್ನು ಕಂಡುಹಿಡಿಯುವ ಸೂತ್ರವನ್ನು 1956ರಲ್ಲಿ ಹಾಲೆಂಡಿನ ಗಣಿತಜ್ಞ ಎಡ್ಸ್‌ಗರ್ ಡೈಕ್‌ಸ್ಟ್ರಾ ರೂಪಿಸಿದರು. ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ, ತಾವು ಮದುವೆಯಾಗಲಿದ್ದ ಹೆಣ್ಣಿನೊಡನೆ ಅಂಗಡಿ ಸುತ್ತಿ ದಣಿದು, ಕಾಫಿ ಕುಡಿಯಲು ಕುಳಿತಾಗ, ಕಾಗದ ಪೆನ್ಸಿಲುಗಳಿಲ್ಲದೆ ಇಪ್ಪತ್ತು ನಿಮಿಷಗಳಲ್ಲಿ ಅದು ಹೊಳೆಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಆ ಹೆಣ್ಣುಮಗಳು ಆ ಇಪ್ಪತ್ತು ನಿಮಿಷ ಏನು ಮಾಡುತ್ತಿದ್ದರೆಂಬುದು ಗಣಿತದ ಪುಸ್ತಕಗಳಲ್ಲಿಲ್ಲ. ಇಂದಿನ ನಕ್ಷೆಗಳು ಆ ಸೂತ್ರವನ್ನು ಬಹುವಾಗಿ ಬೆಳೆಸಿಕೊಂಡಿವೆ. ಆದರೂ ಮೂಲಸ್ವಭಾವ ಅದೇ. ಪ್ರತಿಯೊಂದು ರಸ್ತೆಯ ತುಂಡಿಗೂ ಒಂದು ಬೆಲೆ. ಒಟ್ಟು ಬೆಲೆ ಅತಿ ಕಡಮೆಯಾಗುವ ದಾರಿಯೇ ಶ್ರೇಷ್ಠ. ಆ ಬೆಲೆಯನ್ನು ಕಟ್ಟುವುದು ಸಾಮಾನ್ಯವಾಗಿ ನಿಮಿಷಗಳಲ್ಲಿ. ನಾಲ್ಕು ನಿಮಿಷ ಉಳಿಯುವುದಾದರೆ ಹೆದ್ದಾರಿಯನ್ನು ಬಿಟ್ಟು ಕೆರೆ ಏರಿಯ ಮೇಲಿನ ಕಾಲುದಾರಿಯಂಥ ರಸ್ತೆಗೆ ಇಳಿಸಲು ಅದಕ್ಕೆ ಸಂಕೋಚವಿಲ್ಲ. ಹಿಂದೆ ಕುಳಿತ ಅಜ್ಜಿಯ ಮಂಡಿಯಾಗಲಿ, ಎದುರಿನಿಂದ ಬರುವ ಕಬ್ಬಿನ ಗಾಡಿಯಾಗಲಿ, ಸೂರ್ಯ ಮುಳುಗಿದ್ದಾಗಲಿ ಆ ಲೆಕ್ಕದಲ್ಲಿ ಸೇರಿಲ್ಲ. ಒಂದೆರಡು ಕಿಲೋಮೀಟರು ಹೆಚ್ಚಾದರೂ ಹೆದ್ದಾರಿಯೇ ಇರಲಿ ಎಂದು ಹೇಳಿಕೊಳ್ಳಲು ಅವಕಾಶ ಕೊಡುವ, ಎರಡು ಮೂರು ದಾರಿಗಳನ್ನು ಪಕ್ಕಪಕ್ಕದಲ್ಲಿ ತೋರಿಸುವ ನಕ್ಷೆ ಸಂಸಾರಸ್ಥರಿಗೆ ಒಳ್ಳೆಯದು.

ದಟ್ಟಣೆಯ ಕೆಂಪು ಹಸಿರು ಗೆರೆಗಳನ್ನು ಯಾರೋ ಮೇಲಿನಿಂದ ನೋಡಿ ಬಳಿಯುತ್ತಾರೆಂಬ ಭಾವನೆಯೂ ಇದೆ. ಆ ಗೆರೆಗಳನ್ನು ಬಹುಮಟ್ಟಿಗೆ ಬರೆಯುವುದು ರಸ್ತೆಯ ಮೇಲಿರುವವರ ಮೊಬೈಲುಗಳೇ. ಅವು ನಿಧಾನವಾಗಿ ಸರಿದರೆ ಕೆಂಪು, ಸರಾಗವಾಗಿ ಸರಿದರೆ ಹಸಿರು. 2020ರ ಫೆಬ್ರವರಿಯಲ್ಲಿ ಬರ್ಲಿನ್ನಿನ ಸೈಮನ್ ವೆಕರ್ಟ್ ಎಂಬ ಕಲಾವಿದನ ಕುಚೋದ್ಯವೊಂದು ಲೋಕಕ್ಕೆ ತಿಳಿಯಿತು. ಆತ 99 ಮೊಬೈಲುಗಳನ್ನು ಒಂದು ಕೈಗಾಡಿಯಲ್ಲಿ ತುಂಬಿಕೊಂಡು ಬರಿದಾದ ಬೀದಿಯಲ್ಲಿ ಎಳೆದುಕೊಂಡು ನಡೆದಿದ್ದ; ನಕ್ಷೆಯ ಮೇಲೆ ಆ ಬೀದಿ ಕೆಂಪಾಯಿತು! ನಕ್ಕು ಸುಮ್ಮನಾಗುವ ಕಥೆ ಇದು. ಆದರೆ ಇದರ ಮಗ್ಗುಲು ಬದಲಿಸಿ ನೋಡಿದರೆ ನಗು ಬರುವುದಿಲ್ಲ. ರಸ್ತೆ ಕುಸಿದು ಯಾರೂ ಆ ಕಡೆ ಹೋಗದಿದ್ದರೆ, ಅಲ್ಲಿ ಮೊಬೈಲುಗಳೂ ಇಲ್ಲ, ದಟ್ಟಣೆಯೂ ಇಲ್ಲ. ಕೆಂಪು ಗೆರೆ ಕಾಣಲಿಲ್ಲವೆಂದ ಮಾತ್ರಕ್ಕೆ ರಸ್ತೆ ಇದೆಯೆಂದು ಹೇಳುವಂತಿಲ್ಲ.

2024ರ ನವೆಂಬರ್ 24ರಂದು ಉತ್ತರ ಪ್ರದೇಶದ ಬರೇಲಿ ಜಿಲ್ಲೆಯಲ್ಲಿ ಮದುವೆಗೆ ಹೊರಟಿದ್ದ ಮೂವರಿದ್ದ ಕಾರು ರಾಮಗಂಗಾ ನದಿಯ ಸೇತುವೆಯನ್ನೇರಿತು. ಹಿಂದಿನ ಪ್ರವಾಹದಲ್ಲಿ ಸೇತುವೆಯ ಮುಂದಿನ ಭಾಗ ಕೊಚ್ಚಿಹೋಗಿತ್ತು. ಮೊಬೈಲಿನ ನಕ್ಷೆಯಲ್ಲಿ ಅದು ಕೊಚ್ಚಿಹೋಗಿರಲಿಲ್ಲ. ಮುಂದೆ ದಾರಿಯಿಲ್ಲವೆಂದು ತಡೆಯುವ ಗೋಡೆಯಾಗಲಿ ಫಲಕವಾಗಲಿ ಅಲ್ಲಿರಲಿಲ್ಲವೆಂದು ವರದಿಯಾಯಿತು. ಕಾರು ಕೆಳಗೆ ಬಿತ್ತು, ಮೂವರೂ ಉಳಿಯಲಿಲ್ಲ. ಪೊಲೀಸರು ಲೋಕೋಪಯೋಗಿ ಇಲಾಖೆಯ ಎಂಜಿನಿಯರುಗಳ ಮೇಲೆ ಮೊಕದ್ದಮೆ ಹೂಡಿದರು, ನಕ್ಷೆಯವರನ್ನೂ ವಿಚಾರಿಸಿದರು. ಗೋಡೆ ಕಟ್ಟದವನ ತಪ್ಪು ದೊಡ್ಡದು, ಅದರಲ್ಲಿ ಸಂಶಯವಿಲ್ಲ. ಆದರೆ ಆ ಊರಿನ ಹತ್ತು ವರ್ಷದ ಹುಡುಗನಿಗೂ ಆ ಸೇತುವೆಯ ಸ್ಥಿತಿ ತಿಳಿದಿದ್ದಿರಬೇಕು. ಕಾರು ಅವನನ್ನು ದಾಟಿಕೊಂಡೇ ಹೋಗಿರಬೇಕು. ಗಾಜು ಇಳಿಸಿ ಕೇಳಬೇಕೆಂದು ಒಳಗಿದ್ದವರಿಗೆ ತೋರಲಿಲ್ಲ, ಏಕೆಂದರೆ ಯಂತ್ರದ ದನಿಯಲ್ಲಿ ಸಂದೇಹವೆಂಬುದೇ ಇರುವುದಿಲ್ಲ. ಮನುಷ್ಯನಾದರೆ "ಅಲ್ಲಿ ಸೇತುವೆ ಇತ್ತು, ಈಗ ಹೇಗಿದೆಯೋ ಕಾಣೆ" ಎಂದಾದರೂ ಅಂದಾನು. ತನಗೆ ಎಷ್ಟು ಗೊತ್ತು, ಎಷ್ಟು ಗೊತ್ತಿಲ್ಲ ಎಂಬುದನ್ನು ಹೇಳುವ ನಕ್ಷೆ ಇನ್ನೂ ಯಾವ ಮಳಿಗೆಯಲ್ಲಿಯೂ ಮಾರಾಟಕ್ಕೆ ಬಂದಂತಿಲ್ಲ.

ಜಯನಗರದ ಸಂಸಾರ ಕೊನೆಗೆ ಕೊಂಡದ್ದು ಕೆಳಗಿನ ದರ್ಜೆಯ ಮಾದರಿಯನ್ನು. ಅದರ ಪರದೆಗೆ ಮೊಬೈಲನ್ನು ಜೋಡಿಸಿ, ಮೊಬೈಲಿನ ನಕ್ಷೆಯನ್ನೇ ದೊಡ್ಡದಾಗಿ ಕಾಣುವಂತೆ ಮಾಡಬಹುದು. ಹೊಸ ಕಾರುಗಳಲ್ಲಿ ಈ ಏರ್ಪಾಡು ಈಗ ಸಾಮಾನ್ಯ. ಹೆಚ್ಚಿನ ಸಂಸಾರಗಳಿಗೆ ಇದೇ ಸರಿಯಾದ ಆಯ್ಕೆ ಎನ್ನಬೇಕು. ನಕ್ಷೆ ಹಳತಾಗುವುದಿಲ್ಲ, ಗಾಡಿ ಮಾರಿದರೂ ಕೈಬಿಟ್ಟು ಹೋಗುವುದಿಲ್ಲ. ಸುರಂಗಗಳೂ ದಟ್ಟ ಕಟ್ಟಡಗಳೂ ಇರುವ ಕಡೆ ದಿನವೂ ಓಡಾಡುವವರು, ಮೊಬೈಲು ಸಂಪರ್ಕವೇ ಇಲ್ಲದ ಪ್ರದೇಶಗಳಲ್ಲಿ ಉದ್ಯೋಗಕ್ಕಾಗಿ ಸುತ್ತುವವರು ಮೇಲಿನದನ್ನು ಕೊಂಡರೆ ತಪ್ಪಿಲ್ಲ. ಹಳೆಯ ಕಾರಿನವರಿಗೆ ಪರದೆಯೂ ಬೇಕಾಗಿಲ್ಲ. ಕೆಲವು ನೂರು ರೂಪಾಯಿಗಳ ಮೊಬೈಲು ಹಿಡಿಕೆ ಸಾಕು. ಅದನ್ನು ಎದುರು ಗಾಜಿನ ನಡುವೆ ಅಂಟಿಸಿ ರಸ್ತೆಯನ್ನು ಮರೆಮಾಡಬಾರದು. ಬಿಸಿಲು ನೇರವಾಗಿ ಬೀಳುವ ಕಡೆಯೂ ಇಡಬಾರದು, ಕಾಯ್ದ ಮೊಬೈಲು ತಾನಾಗಿಯೇ ಮಂಕಾಗುತ್ತದೆ. ವಾಹನ ನಡೆಸುವಾಗ ಕೈಯಲ್ಲಿನ ಸಾಧನವನ್ನು ದಾರಿ ನೋಡುವುದಕ್ಕೆ ಮಾತ್ರ, ಅದೂ ಗಮನ ಕೆಡದಂತೆ, ಬಳಸಬಹುದೆಂದು 2020ರ ಅಕ್ಟೋಬರ್ 1ರಿಂದ ಕೇಂದ್ರದ ನಿಯಮವೇ ಇದೆ. ಸ್ಕೂಟರಿನವರು ದ್ವಿಚಕ್ರಕ್ಕೆಂದೇ ಇರುವ ಬಗೆಯನ್ನು ಆರಿಸಿಕೊಳ್ಳುವುದು ಮುಖ್ಯ. ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ದ್ವಿಚಕ್ರಗಳಿಗೆ ಪ್ರವೇಶವಿಲ್ಲ. ಕಾರಿನ ನಕ್ಷೆಗೆ ಆ ಚಿಂತೆಯಿಲ್ಲ.

ಭಾಷೆಯ ಪ್ರಶ್ನೆ ಹಗುರವಾದದ್ದೆಂದು ಹಲವರು ತಿಳಿಯುತ್ತಾರೆ. ಇಂಗ್ಲಿಷ್ ದನಿಯ ಬಾಯಲ್ಲಿ ಬಾಳೆಹೊನ್ನೂರು ಏನಾಗುತ್ತದೆಂಬುದನ್ನು ಕೇಳಿದವರು ಹಾಗೆ ಹೇಳಲಾರರು. ಯಂತ್ರ ಹೇಳಿದ್ದು ಯಾವ ಊರೆಂದು ಊಹಿಸುವುದರೊಳಗೆ ತಿರುವು ಹಿಂದೆ ಉಳಿದಿರುತ್ತದೆ. ಕನ್ನಡದ ದನಿ ಈಗ ದೊರೆಯುತ್ತದೆ. ಅದನ್ನು ಹಾಕಿಕೊಂಡರೆ ಹಿಂದಿನ ಆಸನದವರೂ ದಾರಿಯಲ್ಲಿ ಪಾಲುಗಾರರಾಗುತ್ತಾರೆ. "ಎಡಕ್ಕೆ ಅಂತಿದೆ ಕಣೋ, ಎಡಕ್ಕೆ ಹೋದರೆ ಹೊಳೆ ಸಿಗುತ್ತೆ, ನಿಧಾನ" ಎಂದು ಅಜ್ಜಿ ಭದ್ರೆಯ ನೆನಪಿನಿಂದ ಹೇಳುವ ಮಾತು ಯಾವ ಉಪಗ್ರಹಕ್ಕೂ ಕಡಮೆಯದಲ್ಲ. ಊರಿನ ಹೆಸರನ್ನು ಹುಡುಕುವಾಗಲೂ ಎಚ್ಚರ ಬೇಕು. ಕರ್ನಾಟಕದಲ್ಲಿ ಹೊಸಹಳ್ಳಿಗಳೂ ರಾಮಪುರಗಳೂ ಎಷ್ಟಿವೆಯೋ! ತಾಲ್ಲೂಕಿನ ಹೆಸರನ್ನು ಸೇರಿಸದೆ ಹುಡುಕಿ, ಮೊದಲು ಕಂಡದ್ದನ್ನು ಮುಟ್ಟಿ, ಮದುವೆಯ ಮನೆಯಿಲ್ಲದ ಹೊಸಹಳ್ಳಿಗೆ ಉಡುಗೊರೆಯೊಡನೆ ಹೋದವರು ಇದ್ದಾರೆ. ಗುರಿಯನ್ನು ನಮೂದಿಸುವ ಕೆಲಸವನ್ನು ಗಾಡಿ ಹೊರಡುವ ಮುಂಚೆಯೇ ಮುಗಿಸಿ, ಆಮೇಲೆ ಮೊಬೈಲಿನ ಉಸ್ತುವಾರಿಯನ್ನು ಪಕ್ಕದಲ್ಲಿ ಕುಳಿತವರಿಗೆ ಒಪ್ಪಿಸುವುದು ಲೇಸು. ಜಯನಗರದ ಮನೆಯಲ್ಲಿ ಆ ಅಧಿಕಾರ ಮನೆಯಾಕೆಗೆ ಸೇರಿತು. ಎಲ್ಲಿ ತಿರುಗಬೇಕೆಂದು ಹೇಳುವುದು ಅವರಿಗೆ ಹೊಸ ಕೆಲಸವೇನೂ ಆಗಿರಲಿಲ್ಲ.

ಗಡಿಯಾರ ನೋಡಿ ಮುಚ್ಚುವ ರಸ್ತೆಗಳೂ ಇವೆ. ಬಂಡೀಪುರದ ಕಾಡಿನ ಹೆದ್ದಾರಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಾಮಾನ್ಯ ವಾಹನಗಳಿಗೆ ಮುಚ್ಚಿರುತ್ತದೆ. ಆನೆಗಳಿಗೂ ಒಂದಿಷ್ಟು ನಿದ್ದೆ ಬೇಡವೇ? ಮೈಸೂರಿನಿಂದ ತಡವಾಗಿ ಹೊರಟವರು ನಕ್ಷೆ ತೋರಿದ ವೇಳೆಯನ್ನು ಗೇಟಿನ ವೇಳೆಯೊಂದಿಗೆ ತಾವೇ ತಾಳೆ ನೋಡಿಕೊಳ್ಳಬೇಕು. ಮಳೆಗಾಲದ ಸಂಗತಿಯಂತೂ ಬೇರೆಯೇ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ, ಅಲ್ಲಿದ್ದವರನ್ನೂ ಮುಚ್ಚಿಹಾಕಿತು. ಅದೇ ತಿಂಗಳು ಶಿರಾಡಿ ಘಾಟಿಯಲ್ಲಿಯೂ ಮಣ್ಣು ಜಾರಿತು. ಇಂಥ ದಿನಗಳಲ್ಲಿ ಜಿಲ್ಲಾಧಿಕಾರಿಗಳ ಆಜ್ಞೆ ನಕ್ಷೆಗೆ ತಲಪುವುದಕ್ಕಿಂತ ಮುಂಚೆ ವೃತ್ತಪತ್ರಿಕೆಗೂ, ಅದಕ್ಕಿಂತ ಮುಂಚೆ ಆ ಊರಿನವರಿಗೂ ತಲಪಿರುತ್ತದೆ.

ಆದ್ದರಿಂದ ಜೂನಿನಿಂದ ಸೆಪ್ಟೆಂಬರಿನವರೆಗೆ ಆ ಮನೆಯವರು ಹೊರಡುವ ಮುನ್ನ ಕೊಪ್ಪದ ಅತ್ತಿಗೆಗೆ ಒಂದು ದೂರವಾಣಿ ಕರೆ ಮಾಡುತ್ತಾರೆ. ನಕ್ಷೆ ಆಗಲೇ ಮೊಬೈಲಿಗೆ ಇಳಿದಿರುತ್ತದೆ, ನೀಲಿಯ ಗೆರೆ ಮನೆಯ ಬಾಗಿಲಿನವರೆಗೂ ಸಾಗಿರುತ್ತದೆ. ಆ ಕಡೆಯಿಂದ ಅತ್ತಿಗೆ, ಮಳೆಯ ಸದ್ದಿನ ನಡುವೆ ದನಿಯೇರಿಸಿ ಹೇಳುತ್ತಾರೆ: "ನಮ್ಮ ತೋಟದ ಕೆಳಗಿನ ರಸ್ತೆಗೆ ಬರಬೇಡಿ, ಮೋರಿ ಕಿತ್ತುಹೋಗಿದೆ. ಮೇಲಿನ ಶಾಲೆ ಹತ್ತಿರ ನಿಲ್ಲಿಸಿ ಫೋನ್ ಮಾಡಿ, ನಿಮ್ಮ ಅಣ್ಣ ಕೊಡೆ ಹಿಡಿದುಕೊಂಡು ಬರುತ್ತಾರೆ."